ಏಳೂವರೆ ಇಂಚು

ಹೋದ ವಾರ ಮನೆಗೆ ಬಡಗಿ ಬಂದಿದ್ದ. ಶಿವಮೊಗ್ಗದ ಗೋಪಾಳದಲ್ಲಿರುವ ನಮ್ಮ ಈ ಬಾಡಿಗೆ ಮನೆಯಲ್ಲಿ ಅಡುಗೆಕೋಣೆಯ ಪಕ್ಕ ಒಂದು ಮೂಲೆ ಸುಮ್ಮನೆ ಬಿದ್ದಿದೆ. ಅಲ್ಲಿ ಒಂದು ಹಲಗೆ ಕೂರಿಸಿದರೆ ನನ್ನ ಹಳೆಯ ಬ್ರಷ್ಷು, ಬಣ್ಣದ ಡಬ್ಬಿಗಳನ್ನು ಇಡಬಹುದು ಎಂದು ಯೋಚನೆ. ಬ್ರಷ್ ಹಿಡಿದು ಎಷ್ಟೋ ವರ್ಷವಾಯಿತು. ಅವನ್ನೆಲ್ಲ ಎಸೆಯಿರಿ ಎಂದು ಹೇಳುವುದನ್ನು ಹೆಂಡತಿಯೂ ಬಿಟ್ಟಿದ್ದಾಳೆ.

ಬಡಗಿ ಗೋಡೆಯಿಂದ ಗೋಡೆಗೆ ಟೇಪು ಹಿಡಿದು ಮೂರಡಿ ಎಂದು ಬರೆದುಕೊಂಡ. ಹಲಗೆ ಕೊಯ್ಯಲು ಕೆಳಗೆ ಅಂಗಳಕ್ಕೆ ಹೋದಾಗ ಟೇಪು ಒಳಗೇ ಸಿಕ್ಕಿಕೊಂಡು ಹೊರಗೆ ಬರಲೊಲ್ಲದು. ನಾನು ಬ್ರಷ್ಷಿನ ಪೆಟ್ಟಿಗೆಯೊಳಗೆ ಕೈಯಾಡಿಸಿ, ಸಿಕ್ಕಿದ ಮರದ ಸ್ಕೇಲನ್ನು ಕೊಟ್ಟೆ. ಎರಡಡಿಯದ್ದು, ಎರಡೂ ತುದಿಗೆ ಹಿತ್ತಾಳೆ ಹೊದಿಸಿದ್ದು. ಕೊಡುವಾಗ ಏನೂ ಹೊಳೆಯಲಿಲ್ಲ. ಅವನು ಗುರುತು ಹಾಕಿ, ಕೊಯ್ದು, ಮೇಲೆ ತಂದು ಕೂರಿಸಲು ನೋಡಿದರೆ ಹಲಗೆ ಮುಕ್ಕಾಲು ಇಂಚು ಉದ್ದ. ಅಷ್ಟು ಹೊತ್ತಿಗೆ ಟೇಪು ಸರಿಹೋಗಿತ್ತು. ಅದನ್ನು ಸ್ಕೇಲಿನ ಪಕ್ಕ ಹಿಡಿದು ನೋಡಿದವನು ನನ್ನ ಮುಖ ನೋಡಿದ.

"ಸಾರ್, ನಿಮ್ ಸ್ಕೇಲು ಸುಳ್ಳು ಹೇಳುತ್ತೆ. ಎರಡಡಿಗೆ ಅರ್ಧ ಇಂಚು ಜಾಸ್ತಿ ಇದೆ. ಮೊದ್ಲು ಇದನ್ನ ಎಸೀರಿ, ಯಾರ್ದಾದ್ರೂ ಮನೆ ಹಾಳ್ ಮಾಡುತ್ತೆ ಇದು."

ಆಗಲೇ ಮಾಡಿಯಾಗಿದೆ ಎಂದು ಅವನಿಗೆ ಹೇಳಲಿಲ್ಲ. ಸ್ಕೇಲನ್ನು ವಾಪಸು ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದೆ. ಫ್ರೆಂಚ್ ಪಾಲಿಶಿನ ವಾಸನೆ ಇನ್ನೂ ಹೋಗಿರಲಿಲ್ಲ. ಅದರ ಅಡಿಯಲ್ಲಿ ಬೆವರಿನದೋ, ವಿಭೂತಿಯದೋ ಇನ್ನೊಂದು ವಾಸನೆ... ಹಲಗೆಯನ್ನು ಸದ್ಯಕ್ಕೆ ಗೋಡೆಗೆ ಒರಗಿಸಿಡು, ನಾಳೆ ನೋಡೋಣ ಎಂದು ಬಡಗಿಯನ್ನು ಕಳಿಸಿಬಿಟ್ಟೆ.

ಅದು ಮೇಸ್ತ್ರಿಯ ಸ್ಕೇಲು. ಭದ್ರಾವತಿಯಲ್ಲಿ ನಾವೆಲ್ಲ ಅವರನ್ನು ಕರೆಯುತ್ತಿದ್ದದ್ದೇ ಹಾಗೆ. ಆದರೆ ಅವರು ಗಾರೆ ಮೇಸ್ತ್ರಿಯಲ್ಲ. ಫೌಂಡ್ರಿಯಲ್ಲಿ ಉಕ್ಕಿನ ಎರಕ ಹೊಯ್ಯುವ ಮೊದಲು ಅದೇ ಆಕಾರದ ಮರದ ಮಾದರಿ ಮಾಡಿಕೊಳ್ಳುತ್ತಾರೆ. ಆ ಮಾದರಿಯನ್ನು ಮರಳಿನಲ್ಲಿ ಒತ್ತಿ ತೆಗೆದ ಗುಳಿಯೊಳಗೆ ಕರಗಿದ ಉಕ್ಕು ಸುರಿಯುವುದು. ಮೂವತ್ತು ವರ್ಷ ಆ ಮರದ ಮಾದರಿಗಳನ್ನು ಮಾಡಿದ ಕೈ ಅವರದು. ಸಣಕಲು ಮೈ, ಹಣೆಯಲ್ಲಿ ವಿಭೂತಿ, ದಾರ ಕಟ್ಟಿದ ಕನ್ನಡಕ, ಕಿವಿಯ ಮೇಲೆ ಪೆನ್ಸಿಲ್. ಮದುವೆಮನೆಗೆ ಬಂದರೂ ಆ ಪೆನ್ಸಿಲ್ ಇಳಿಯುತ್ತಿರಲಿಲ್ಲ. ಯಾರ ಮನೆಗೆ ಹೋದರೂ ಮಾತಾಡುವ ಮೊದಲು ಬಾಗಿಲ ಚೌಕಟ್ಟಿನ ಮೂಲೆಯ ಮೇಲೆ ಹೆಬ್ಬೆರಳು ಆಡಿಸಿ ನೋಡುತ್ತಿದ್ದರು.

ನಾನಾಗ ಜನ್ನಾಪುರದಲ್ಲಿ ಬೋರ್ಡ್ ಬರೆಯುತ್ತಿದ್ದೆ. ಅಂಗಡಿ ಬೋರ್ಡು, ಲಾರಿಯ ಹಿಂದಿನ ಸಾಲು, ಚುನಾವಣೆ ಬಂದರೆ ಗೋಡೆಬರಹ. ಕೈಗೆ ಬಿಡುವಿರುತ್ತಿರಲಿಲ್ಲ. ವಾಸ ಮಾತ್ರ ಒಂದು ವಠಾರದ ಎರಡು ಕೋಣೆಯಲ್ಲಿ. ಊರಿನ ಗೋಡೆಗಳ ಮೇಲೆಲ್ಲ ಬರೆದವನಿಗೆ ಮೊಳೆ ಹೊಡೆಯಲು ಸ್ವಂತದ ಒಂದು ಗೋಡೆ ಇರಲಿಲ್ಲ. ಮೇಸ್ತ್ರಿ ಫೌಂಡ್ರಿಯಿಂದ ಸ್ವಯಂನಿವೃತ್ತಿ ತೆಗೆದುಕೊಂಡ ವರ್ಷ, ಜನ್ನಾಪುರ ದಾಟಿದ ಮೇಲೆ ಚಾನಲ್ ಪಕ್ಕದಲ್ಲಿ ಒಂದು ಉದ್ದನೆಯ ಪಟ್ಟಿ ಜಾಗ ಮಾರಾಟಕ್ಕಿದೆ ಎಂದು ಗೊತ್ತಾಯಿತು. ಭದ್ರೆಯ ನಾಲೆಗೆ ನಮ್ಮ ಕಡೆ ಚಾನಲ್ ಎಂದೇ ಹೆಸರು. ಹನ್ನೊಂದು ಮನೆಯವರು ಸೇರಿ ಅದನ್ನು ಕೊಂಡೆವು. ಕಂಟ್ರಾಕ್ಟರ್ ಬೇಡ, ಇಂಜಿನಿಯರ್ ಬೇಡ. ನಮ್ಮ ಮನೆಗಳನ್ನು ನಾವೇ ಕಟ್ಟಿಕೊಳ್ಳೋಣ, ಒಬ್ಬರ ಮನೆಗೆ ಎಲ್ಲರೂ ಕೈ ಹಾಕೋಣ, ಆದರೆ ಯಾರೂ ಬಾಯಿ ಹಾಕುವುದು ಬೇಡ ಎಂದು ಮಾತಾಯಿತು. ಆ ಕೊನೆಯ ಮಾತು ನನಗೆ ಎಷ್ಟು ಹಿಡಿಸಿತೆಂದರೆ, ಒಂದು ತಗಡಿನ ಮೇಲೆ ಹಳದಿ ಬಣ್ಣದಲ್ಲಿ ಬರೆದು ದಾರಿಯ ಬಾಯಿಗೆ ನೆಟ್ಟೆ: "ಇಲ್ಲಿ ಯಾರ ಮನೆಯ ವಿಷಯಕ್ಕೂ ಯಾರೂ ಬರತಕ್ಕದ್ದಲ್ಲ." ಬೋರ್ಡ್ ಓದಿದವರು ನಗುತ್ತಿದ್ದರು. ನನಗೂ ಜಂಬ.

ಜಾಗ ಅಳೆದವರು ಮೇಸ್ತ್ರಿ. ಬಟ್ಟೆಯ ಟೇಪು ಜಗ್ಗುತ್ತದೆ, ಸರಪಳಿ ಜೋಲುತ್ತದೆ, ಮರ ಮಾತ್ರ ಹೇಳಿದ ಹಾಗೆ ಇರುತ್ತದೆ ಎನ್ನುವುದು ಅವರ ನಂಬಿಕೆ. ತಮ್ಮ ಎರಡಡಿಯ ಸ್ಕೇಲನ್ನು ಐದು ಸಲ ಇಟ್ಟು ಹತ್ತಡಿಯ ಒಂದು ಕೋಲು ಮಾಡಿದರು. ನೆಟ್ಟಗಿನ ಸಾಗುವಾನಿ ಕೋಲು, ಪಾಲಿಶ್ ಹಾಕಿದ್ದು. ರಸ್ತೆಬದಿಯಲ್ಲಿ ಎಲ್ಲರಿಗೂ ಎಂದು ಬಿಟ್ಟ ತುಂಡು ಕಳೆದರೆ, ಪತ್ರದ ಪ್ರಕಾರ ಚಾನಲ್ ಗಡಿಯವರೆಗೆ ಮುನ್ನೂರ ಮೂವತ್ತು ಅಡಿ ಇತ್ತು. ಮನೆಗೆ ಮೂವತ್ತು ಅಡಿ ಅಗಲ, ಮೂರು ಕೋಲು. ರಸ್ತೆಯ ಕಡೆಯಿಂದ ಶುರುಮಾಡಿ ಕೋಲು ಮಗುಚುತ್ತ ಹೋಗಿ ಹನ್ನೊಂದನೆಯ ಗೂಟ ನೆಟ್ಟಾಗ ಸುತ್ತ ಲಂಟಾನದ ಪೊದೆ. ಅದರೊಳಗೆಲ್ಲೋ ಗಡಿಕಲ್ಲು ಇದೆಯಂತೆ ಎಂದು ಯಾರೋ ಹೇಳಿದರು. ಪತ್ರವೂ ಮುನ್ನೂರ ಮೂವತ್ತು, ಕೋಲೂ ಮುನ್ನೂರ ಮೂವತ್ತು. ಇನ್ನು ಮುಳ್ಳಿನಲ್ಲಿ ಕೈ ತರಚಿಕೊಂಡು ಕಲ್ಲು ಹುಡುಕುವವರು ಯಾರು... ಚೀಟಿ ಎತ್ತಿದೆವು. ನನಗೆ ಹನ್ನೊಂದನೆಯದು ಬಂತು, ಚಾನಲ್ ಪಕ್ಕದ್ದು. ಮೇಸ್ತ್ರಿಗೆ ನಾಲ್ಕನೆಯದು.

ಆಮೇಲಿನ ಐದಾರು ವರ್ಷ ಹೇಗೆ ಹೋಯಿತೋ ಗೊತ್ತಾಗಲಿಲ್ಲ. ಈಗ ಆ ದಿನಗಳನ್ನು ನೆನೆಯಲು ಕೂಡ ಸುಸ್ತಾಗುತ್ತದೆ, ಅಷ್ಟು ದುಡಿದಿದ್ದೆವು. ವಾರವೆಲ್ಲ ಅವರವರ ಕೆಲಸ, ಭಾನುವಾರ ಸರದಿಯಂತೆ ಒಬ್ಬರ ಮನೆಗೆ ಎಲ್ಲರೂ ಹಾಜರು. ಮಣ್ಣು ಕಲಸುವವರು, ಇಟ್ಟಿಗೆ ಎತ್ತಿಕೊಡುವವರು, ಸುಮ್ಮನೆ ನಿಂತು ಹಾಡು ಹೇಳುವವರು. ಯಾರ ಮನೆಯ ಕೆಲಸವೋ ಅವರದ್ದು ಬೆಳಗ್ಗೆ ಚಿತ್ರಾನ್ನ, ಸಂಜೆ ಮಂಡಕ್ಕಿ ಮೆಣಸಿನಕಾಯಿ ಬಜ್ಜಿ. ಹಳೆಯ ಕುಲುಮೆ ಬಿಚ್ಚಿದ ಇಟ್ಟಿಗೆ ಹರಾಜಿನಲ್ಲಿ ತಂದೆವು; ಹಳೇ ಮನೆ ಕೆಡವಿದ ತೊಲೆ, ಬಾಗಿಲುಗಳನ್ನು ಓಲ್ಡ್ ಟೌನಿನಿಂದ ಗಾಡಿಯಲ್ಲಿ ಹೇರಿಕೊಂಡು ಬಂದೆವು.

ಐದನೆಯ ಮನೆಯವನು ಬಸ್ಸಿಗೆ ಬಾಡಿ ಕಟ್ಟುವ ಕೆಲಸದವನು. ಗುಜರಿಗೆ ಹಾಕಿದ ಬಸ್ಸಿನ ಕಿಟಕಿಗಳನ್ನೇ ಸಾಲಾಗಿ ಗೋಡೆಗೆ ಕೂರಿಸಿದ. ಬಾಗಿಲಿಗೆ ಕಂಡಕ್ಟರ್ ಗಂಟೆ, ಹಗ್ಗ ಸಮೇತ. ಅವನ ಮನೆಗೆ ಹೋದವರು ಹಗ್ಗ ಎಳೆದು ರೈಟ್ ರೈಟ್ ಎಂದು ಕೂಗಿಯೇ ಒಳಗೆ ಹೋಗುವುದು. ಎಂಟನೆಯ ಮನೆಯ ನರ್ಸಮ್ಮ ಇಡೀ ಮನೆಯನ್ನು ದುಂಡಗೆ ಕಟ್ಟಿಸಿಕೊಂಡರು. ಆಸ್ಪತ್ರೆಯಲ್ಲಿ ಮೂಲೆಗಳ ಕೊಳೆ ತೆಗೆಸಿ ತೆಗೆಸಿ ಸಾಕಾಗಿದೆ, ನನ್ನ ಮನೆಯಲ್ಲಿ ಮೂಲೆಯೇ ಬೇಡ ಎಂದು ಅವರ ಹಟ. ಕಟ್ಟಿದ ಮೇಲೆ ಬೀರು ಯಾವ ಗೋಡೆಗೂ ಒರಗದೆ ನಡುಮನೆಯಲ್ಲಿ ನಿಂತಿತು. ನಾವು ಯಾರೂ ಬಾಯಿ ಹಾಕಲಿಲ್ಲ, ನಿಯಮವಿತ್ತಲ್ಲ. ಮೇಸ್ತ್ರಿ ತಮ್ಮ ಮನೆಯ ಒಳಮೂಲೆಗಳನ್ನೆಲ್ಲ ನಯವಾಗಿ ದುಂಡಗೆ ಮಾಡಿಕೊಂಡರು. ಎರಕದಲ್ಲಿ ಚೂಪು ಮೂಲೆ ಇದ್ದ ಕಡೆಯೇ ಬಿರುಕು ಬರುವುದಂತೆ. ಮನೆಯನ್ನು ಯಾರೂ ಕರಗಿಸಿ ಹೊಯ್ಯುವುದಿಲ್ಲವಲ್ಲ ಮೇಸ್ತ್ರೇ ಎಂದು ನಾನು ತಮಾಷೆ ಮಾಡಿದರೆ ನಕ್ಕರು.

ಒಂದು ವಿಚಿತ್ರ ಮಾತ್ರ ಎಲ್ಲರ ಮನೆಯಲ್ಲೂ ನಡೆಯಿತು. ಗೋಡೆ ಅಳೆದದ್ದು ಮೇಸ್ತ್ರಿಯ ಕೋಲಿನಲ್ಲಿ. ಅಂಗಡಿಯಿಂದ ತಂದ ಹತ್ತಡಿಯ ಶೀಟು ಮೇಲಿಟ್ಟರೆ ಎರಡೂವರೆ ಇಂಚು ಕಮ್ಮಿ ಬರುತ್ತಿತ್ತು. ಬಸ್ಸಿನ ಮನೆಯವನು ಓಲ್ಡ್ ಟೌನಿನ ಶೀಟಿನ ಅಂಗಡಿಗೆ ಹೋಗಿ ಜಗಳವಾಡಿ ಬಂದ. ಅಂಗಡಿಯವರು ಎದುರಿಗೇ ಟೇಪು ಹಿಡಿದು ತೋರಿಸಿದರೂ ನಂಬಲಿಲ್ಲ. ನಿಮ್ಮ ಟೇಪೂ ನಿಮ್ಮ ಕಂಪನಿಯದ್ದೇ ತಾನೆ ಎಂದು ಅಂದುಬಂದನಂತೆ. ನಾವೆಲ್ಲ ಅವನಿಗೆ ಶಹಬ್ಬಾಸ್ ಎಂದೆವು. ಮೇಸ್ತ್ರಿಯ ಕೋಲು ತಪ್ಪಿರಬಹುದು ಎಂದು ಹನ್ನೊಂದು ಮನೆಯಲ್ಲಿ ಒಬ್ಬರಿಗೂ ತೋಚಲಿಲ್ಲ. ಮೇಸ್ತ್ರಿಗಂತೂ ತೋಚುವ ಪ್ರಶ್ನೆಯೇ ಇರಲಿಲ್ಲ.

ನನ್ನ ಮನೆಯಲ್ಲಿ ಚಾನಲ್ ಕಡೆಗೆ, ಗಡಿಯ ಗೂಟಕ್ಕೆ ತಾಗಿಯೇ, ಒಂದು ಉದ್ದ ಕೋಣೆ ಕಟ್ಟಿಕೊಂಡೆ. ಅದು ನನ್ನ ಬಣ್ಣದ ಕೋಣೆ. ಅದರ ಹೊರಗೋಡೆ ಚಾನಲ್ ಏರಿಯ ಮೇಲೆ ಓಡಾಡುವವರಿಗೆಲ್ಲ ಕಾಣುವಂಥದ್ದು. ಗಾರೆ ಮಾಡದೆ ಇಟ್ಟಿಗೆಯ ಮೇಲೇ ಸುಣ್ಣ ಹೊಡೆದು ಸಿದ್ಧಮಾಡಿದೆ. ನನ್ನ ಜೀವಮಾನದಲ್ಲಿ ಮೊದಲ ಸಲ ನನ್ನದೇ ಗೋಡೆ, ಏನು ಬೇಕಾದರೂ ಬರೆಯಬಹುದು. ಒಂದು ತಿಂಗಳು ಅದರ ಮುಂದೆ ಬ್ರಷ್ ಹಿಡಿದು ನಿಂತೆ, ಏನೂ ಬರಲಿಲ್ಲ. ತಲೆಯೊಳಗೆ ಬರೀ ಜವಳಿ ಅಂಗಡಿ, ಬೇಕರಿಗಳ ಅಕ್ಷರವೇ ಓಡುತ್ತಿತ್ತು. ನಾಚಿಕೆಯಾಗುತ್ತಿತ್ತು. ಒಂದು ಭಾನುವಾರ ಮೇಸ್ತ್ರಿ ಬಂದು ನನ್ನ ಪಕ್ಕ ನಿಂತರು. ಬಹಳ ಹೊತ್ತು ಆ ಬಿಳಿ ಗೋಡೆ ನೋಡಿ, "ನಿಂಗೆ ಯಾರೂ ಆರ್ಡರ್ ಕೊಟ್ಟಿಲ್ಲ, ಅದ್ಕೆ ಕೈ ಓಡ್ತಿಲ್ಲ ಮಾರಾಯ," ಎಂದರು. "ನಾನು ಆರ್ಡರ್ ಕೊಡ್ತೀನಿ. ನಿಂಗೆ ಏನು ಬೇಕೋ ಅದನ್ನ ಬರಿ."

ಅವರು ಹೋದ ಮೇಲೆ ಮೊದಲ ಸೈಕಲ್ ಬರೆದೆ. ಚಿಕ್ಕಂದಿನಲ್ಲಿ ಬೆಳಗಿನ ಶಿಫ್ಟಿಗೆ ಹೋಗುತ್ತಿದ್ದವರ ಸೈಕಲ್ ಸಾಲು, ಹ್ಯಾಂಡಲಿಗೆ ನೇತುಬಿದ್ದ ಬುತ್ತಿ, ಮಂಜಿನಲ್ಲಿ ಅರ್ಧ ಕಾಣುವ ಮುಖಗಳು. ಮೂರು ವರ್ಷ, ಬಿಡುವಿದ್ದಾಗಲೆಲ್ಲ ಬರೆದೆ. ಒಬ್ಬ ಸವಾರನ ಕಿವಿಯ ಮೇಲೆ ಪೆನ್ಸಿಲ್ ಇಟ್ಟೆ. ಮೇಸ್ತ್ರಿ ಅದನ್ನು ನೋಡಿ, ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಎಣಿಸಿ, ಸರಿಯಾಗಿವೆ ಎಂದು ಮಾತ್ರ ಹೇಳಿದರು. ಏರಿಯ ಮೇಲೆ ಹೋಗುವವರು ನಿಂತು ಅವರವರ ಅಪ್ಪಂದಿರನ್ನು ಅದರಲ್ಲಿ ಗುರುತಿಸುತ್ತಿದ್ದರು. ಅಷ್ಟು ಸಂತೋಷ ನನಗೆ ಬೇರೆ ಯಾವುದರಿಂದಲೂ ಆಗಿಲ್ಲ, ಮುಂದೆ ಆಗುವುದೂ ಇಲ್ಲ.

ಆಮೇಲೆ ಫ್ಲೆಕ್ಸ್ ಬಂತು. ಬೋರ್ಡ್ ಬರೆಸುವವರು ಕಡಿಮೆಯಾದರು. ಭಾನುವಾರದ ಕೆಲಸವೂ ನಿಂತಿತು, ಮನೆಗಳೆಲ್ಲ ಎದ್ದಾಗಿತ್ತಲ್ಲ. ರಸ್ತೆಯ ಬದಿಯಲ್ಲಿ, ಅಳತೆ ಶುರುಮಾಡುವ ಮುಂಚೆಯೇ ಎಲ್ಲರಿಗೂ ಇರಲಿ ಎಂದು ಬಿಟ್ಟಿದ್ದ ಖಾಲಿ ಜಾಗದಲ್ಲಿ ಒಂದೊಂದಾಗಿ ಕಾರು ಬಂದು ನಿಲ್ಲತೊಡಗಿದವು. ಅಷ್ಟರಲ್ಲಿ ಚಾನಲ್ ಗಡಿ ಗುರುತಿಸಲು ಸರ್ವೆಯವರು ಬಂದರು. ಹಿತ್ತಲಲ್ಲಿ ಉಳಿದಿದ್ದ ಲಂಟಾನ ಕಡಿಸಿದಾಗ ಗಡಿಕಲ್ಲು ಸಿಕ್ಕಿದ್ದು ನನ್ನ ಬಣ್ಣದ ಕೋಣೆಯ ಹೊರಗೋಡೆಯಿಂದ ಚಾನಲ್ ಕಡೆಗಲ್ಲ, ಮನೆಯ ಕಡೆಗೆ. ನನ್ನ ಕೋಣೆ ಹತ್ತಿರ ಹತ್ತಿರ ಏಳಡಿ ಸರ್ಕಾರದ ಜಾಗದಲ್ಲಿತ್ತು.

ನಾವು ಯಾರೂ ಒಪ್ಪಲಿಲ್ಲ. ಎಲ್ಲರಿಗಿಂತ ಜೋರಾಗಿ ಒಪ್ಪದವರು ಮೇಸ್ತ್ರಿ. ಅಷ್ಟು ದನಿಯೆತ್ತಿ ಅವರು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಮನೆಗೆ ಹೋಗಿ ಆ ಸಾಗುವಾನಿ ಕೋಲು ತಂದರು, ಸರ್ವೆಯವರ ಉಕ್ಕಿನ ಟೇಪನ್ನು ನೆಲದ ಮೇಲೆ ಎಳೆಸಿದರು, ಎಲ್ಲರೆದುರಿಗೆ ಕೋಲನ್ನು ಅದರ ಪಕ್ಕ ಇಟ್ಟರು. ಟೇಪಿನಲ್ಲಿ ಹತ್ತಡಿ ಮುಗಿದು ಎರಡೂವರೆ ಇಂಚು ಮುಂದಕ್ಕೆ ಕೋಲಿನ ತುದಿ ಇತ್ತು. ಕೋಲನ್ನು ಮಗುಚಿ ಇಟ್ಟರು. ಇನ್ನೊಂದು ಸಲ ಇಟ್ಟರು. ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಕಂಕುಳಲ್ಲಿದ್ದ ಎರಡಡಿಯ ಸ್ಕೇಲು ತೆಗೆದು, ಅದನ್ನು ಟೇಪಿನ ಪಕ್ಕ ಇಡಲೂ ಹೋಗದೆ, ಸುಮ್ಮನೆ ನೋಡುತ್ತ ಕುಕ್ಕರುಗಾಲಿನಲ್ಲಿ ಕೂತುಬಿಟ್ಟರು.

ಕರಗಿದ ಉಕ್ಕು ತಣ್ಣಗಾಗುವಾಗ ಅಡಿಗೆ ಕಾಲಿಂಚು ಕುಗ್ಗುತ್ತದೆ. ಅದಕ್ಕಾಗಿ ಮರದ ಮಾದರಿಯನ್ನು ಅಷ್ಟು ದೊಡ್ಡದಾಗಿಯೇ ಮಾಡಬೇಕು. ಪ್ರತಿ ಸಲ ಲೆಕ್ಕ ಹಾಕುವ ತಾಪತ್ರಯ ಬೇಡವೆಂದು, ಆ ಕೆಲಸದವರ ಸ್ಕೇಲಿನಲ್ಲಿ ಒಂದೊಂದು ಅಡಿಯನ್ನೂ ಕಾಲಿಂಚು ಉದ್ದ ಮಾಡಿಟ್ಟಿರುತ್ತಾರೆ. ಅಂಥ ಸ್ಕೇಲಿನಲ್ಲಿ ಮೂವತ್ತು ವರ್ಷ ಅಳೆದ ಮನುಷ್ಯ, ಮೊದಲ ಸಲ ತಣ್ಣನೆಯ ನೆಲ ಅಳೆಯಲು ಹೊರಟಾಗಲೂ ಕೈ ಹಾಕಿದ್ದು ಅದಕ್ಕೇ. ಒಂದೊಂದು ಮನೆಗೆ ಏಳೂವರೆ ಇಂಚು ಹೆಚ್ಚಿಗೆ ಹೋಗಿತ್ತು. ಹನ್ನೊಂದು ಏಳೂವರೆ ಕೂಡಿ ಕೊನೆಯವನಾದ ನನ್ನ ತಲೆಯ ಮೇಲೆ ಬಂದು ನಿಂತಿತ್ತು.

ಕೋಣೆಯನ್ನು ನಾವೇ ತೆರವು ಮಾಡಬೇಕು, ಇಲ್ಲವಾದರೆ ಅವರು ಮಾಡುತ್ತಾರೆ ಎಂದು ನೋಟೀಸು ಬಂತು. ಅವರದ್ದೇನೂ ತಪ್ಪಿರಲಿಲ್ಲ. ಮೇಸ್ತ್ರಿ ಆ ಭಾನುವಾರ ಸಂಜೆ ಎಲ್ಲರನ್ನೂ ರಸ್ತೆಬದಿಯ ಜಾಗದಲ್ಲಿ ಸೇರಿಸಿದರು. ತಪ್ಪು ತಮ್ಮದು ಎಂದು ಮೊದಲೇ ಹೇಳಿದರು. ನಿಮ್ಮ ನಿಮ್ಮ ಏಳೂವರೆ ಇಂಚು ವಾಪಸು ಕೊಡಿ ಎಂದರೆ ಮನೆ ಒಡೆಯಬೇಕಾಗುತ್ತದೆ, ಅದು ಆಗದ ಮಾತು. ಅದರ ಬದಲು ಈ ಕಾರು ನಿಲ್ಲಿಸುವ ಜಾಗವನ್ನು ಇವನಿಗೆ ಬಿಡಿ, ಆ ಕೋಣೆ ಆ ಗೋಡೆ ಇಲ್ಲಿ ನಿಲ್ಲಿಸೋಣ, ನಾನು ಒಬ್ಬನೇ ಕಟ್ಟುತ್ತೇನೆ ಎಂದು ಕೇಳಿದರು. ನರ್ಸಮ್ಮ ಸೆರಗಿನ ಅಂಚನ್ನು ಮಡಿಸುತ್ತ ಬಿಚ್ಚುತ್ತ ಕೂತಿದ್ದರು. ಕೊನೆಗೆ ಬಸ್ಸಿನ ಮನೆಯವನು ನನ್ನ ಹಳದಿ ಬೋರ್ಡಿನ ಕಡೆಗೆ ಕೈ ತೋರಿಸಿದ.

"ಬೋರ್ಡ್ ಬರೆದೋನು ಅವನೇ ಅಲ್ವ? ಯಾರ ಮನೆ ವಿಷಯಕ್ಕೂ ಯಾರೂ ಬರಂಗಿಲ್ಲ. ಇದು ಅವನ ಮನೆ ವಿಷಯ."

ಅವನ ಮನೆಯ ಅಟ್ಟಕ್ಕೆ ನಾನು ಎರಡು ಭಾನುವಾರ ಹಲಗೆ ಹೊತ್ತಿದ್ದೆ. ಅದನ್ನು ಹೇಳೋಣ ಎಂದುಕೊಳ್ಳುವಷ್ಟರಲ್ಲಿ ಜನ ಏಳತೊಡಗಿದ್ದರು. ಎಲ್ಲರೂ ಎದ್ದು ಹೋದ ಮೇಲೆ ಉಳಿದವರು ನಾವಿಬ್ಬರೇ. ಒಂಬತ್ತು ಮನೆಯವರ ಮೇಲೆ ಸಿಟ್ಟು ಮಾಡುವುದಕ್ಕಿಂತ, ತಪ್ಪು ಒಪ್ಪಿಕೊಂಡು ಎದುರಿಗೆ ನಿಂತವನ ಮೇಲೆ ಸಿಟ್ಟು ಮಾಡುವುದು ಸುಲಭ. "ಮೇಸ್ತ್ರೇ, ಕುಗ್ಗೋ ಉಕ್ಕಿಗೆ ಜಾಗ ಬಿಡೋದು ಗೊತ್ತಿತ್ತು ನಿಮ್ಗೆ. ನಂಗೆ ಬಿಡೋದು ಗೊತ್ತಾಗ್ಲಿಲ್ಲ," ಎಂದುಬಿಟ್ಟೆ. ಅವರು ಹೌದು ಎನ್ನುವಂತೆ ತಲೆಯಾಡಿಸಿದರು. ಆ ತಲೆಯಾಡಿಸಿದ್ದು ನನಗೆ ಇನ್ನೂ ಸಿಟ್ಟು ತರಿಸಿತು.

ಮರುದಿನ ಬೆಳಗ್ಗೆ ಅವರು ಏಣಿ ತಂದು ಗೋಡೆ ಬಿಚ್ಚಲು ಶುರುಮಾಡಿದರು. ನಾನು ಕರೆದಿರಲಿಲ್ಲ. ಮಣ್ಣಿನಲ್ಲಿ ಕಟ್ಟಿದ ಗೋಡೆಯಾದ್ದರಿಂದ ಇಟ್ಟಿಗೆ ಇಡಿಯಾಗಿಯೇ ಬರುತ್ತಿತ್ತು. ಒಂದೊಂದನ್ನೂ ಬಿಚ್ಚಿ, ಬೆನ್ನಿಗೆ ಉಳಿಯಿಂದ ಅಂಕಿ ಕೊರೆದು, ತಮ್ಮ ಮನೆಗೆ ಸಾಗಿಸಿದರು. ಯಾವ ಸಾಲು, ಸಾಲಿನಲ್ಲಿ ಎಷ್ಟನೆಯದು ಎಂದು ಅದರಲ್ಲಿ ಇರುತ್ತಿತ್ತು. ನಾನು ಒಳಗಿನಿಂದ ಸುತ್ತಿಗೆಯ ಸದ್ದು ಕೇಳುತ್ತ ಕೂತಿದ್ದೆ. ಎರಡು ವಾರ ಆ ಸದ್ದು... ಸೈಕಲ್ಲುಗಳೆಲ್ಲ ಇಳಿದು ಮುಗಿದ ದಿನ ಮೇಸ್ತ್ರಿ ಬಾಗಿಲಿಗೆ ಬಂದು ಈ ಸ್ಕೇಲನ್ನು ಚಾಚಿದರು.

"ಇದು ನನ್ ಕೈಲಿರೋದು ಬೇಡ ಮಾರಾಯ. ನೀನೇ ಇಟ್ಕೋ. ಇಟ್ಟಿಗೆ ನನ್ ಹತ್ರ ಇರುತ್ವೆ, ಜಾಗ ಆದಾಗ ಬಾ."

ತೆಗೆದುಕೊಂಡೆ. ಬಾಗಿಲು ಹಾಕಿದೆ. ಮಾತಾಡಿಸಿದ್ದರೆ ಏನು ಕಳೆದುಕೊಳ್ಳುತ್ತಿದ್ದೆ ಎಂದು ಈಗ ಕೇಳಿಕೊಳ್ಳುತ್ತೇನೆ. ಒತ್ತುವರಿ ಮಾಡಿದವನು ಎನ್ನುವ ಹೆಸರು ಹೊತ್ತು ಅಲ್ಲಿರಲು ಆಗಲಿಲ್ಲ. ಉಳಿದ ಮನೆ ಮಾರಿ ಶಿವಮೊಗ್ಗಕ್ಕೆ ಬಂದೆವು. ನನ್ನ ಅನ್ನ ಕಿತ್ತುಕೊಂಡ ಫ್ಲೆಕ್ಸಿನ ಅಂಗಡಿಯಲ್ಲಿಯೇ ಕಂಪ್ಯೂಟರಿನ ಮುಂದೆ ಅಕ್ಷರ ಜೋಡಿಸುವ ಕೆಲಸ ಸಿಕ್ಕಿತು. ಮೇಸ್ತ್ರಿ ಆಗಾಗ ಯಾರ ಕೈಲಾದರೂ ಹೇಳಿಕಳಿಸುತ್ತಿದ್ದರು, ಇಟ್ಟಿಗೆ ಚೆನ್ನಾಗಿವೆ, ಶೀಟು ಮುಚ್ಚಿದ್ದೇನೆ ಎಂದು. ಹೇಳಲು ಬಂದವರಿಗೆ ಸರಿ ಎನ್ನುತ್ತಿದ್ದೆ. ಬಾಡಿಗೆ ಮನೆಯಲ್ಲಿರುವವನು ಇಟ್ಟಿಗೆ ತಂದು ಎಲ್ಲಿಡುವುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಸಿಟ್ಟನ್ನು ಜೋಪಾನವಾಗಿ ಇಟ್ಟುಕೊಂಡಿದ್ದೆ.

ಮೂರು ವರ್ಷದ ಕೆಳಗೆ ಒಂದು ಬೆಳಗ್ಗೆ ಅಂಗಡಿಯ ಫೋನಿಗೆ ಭದ್ರಾವತಿಯಿಂದ ಒಂದು ಆರ್ಡರ್ ಬಂತು. ಶ್ರದ್ಧಾಂಜಲಿ ಫ್ಲೆಕ್ಸ್, ಮೂರಡಿಗೆ ಎರಡಡಿ. ಜೊತೆಯಲ್ಲಿದ್ದ ಫೋಟೋ ತೆರೆದರೆ ಮೇಸ್ತ್ರಿ. ಕಳಿಸಿದವರು ಯಾರೋ ಸಂಬಂಧಿಕರು, ನನ್ನ ಪರಿಚಯವಿರಲಿಲ್ಲ. ಕಿವಿಯ ಮೇಲಿರುವ ಪೆನ್ಸಿಲ್ ಚೆನ್ನಾಗಿ ಕಾಣಲ್ಲ, ತೆಗೆದುಬಿಡಿ ಎಂದು ಬರೆದಿದ್ದರು. ಫೋಟೋ ದೊಡ್ಡದು ಮಾಡಿದೆ, ಹಿಂದೆ ನೀಲಿ ಹಾಕಿದೆ, ಹೆಸರು ಕೂರಿಸಿದೆ. ಪೆನ್ಸಿಲ್ ತೆಗೆಯಲಿಲ್ಲ. ಅಚ್ಚಾದ ಮೇಲೆ ಸುರುಳಿ ಸುತ್ತಿ ಬಸ್ಸಿನವರ ಕೈಗೆ ಕೊಟ್ಟೆ. ಅದೇ ಬಸ್ಸಿಗೆ ನಾನೂ ಹತ್ತಬಹುದಿತ್ತು. ಇನ್ನೂ ಎರಡು ಬ್ಯಾನರ್ ಬಾಕಿ ಇದೆ ಎಂದು ಅಂಗಡಿಗೆ ವಾಪಸು ಬಂದೆ.

ಬಡಗಿ ಬಂದುಹೋದ ಮರುದಿನ, ಯಾಕೋ ಕೂರಲಾರದೆ, ಸ್ಕೇಲನ್ನು ಚೀಲದಲ್ಲಿಟ್ಟುಕೊಂಡು ಭದ್ರಾವತಿ ಬಸ್ಸು ಹತ್ತಿದೆ. ನನ್ನ ಹಳದಿ ಬೋರ್ಡ್ ಇರಲಿಲ್ಲ. ದುಂಡು ಮನೆ ಕೆಡವಿ ಮೂರು ಮಹಡಿ ಎಬ್ಬಿಸಿದ್ದಾರೆ. ನರ್ಸಮ್ಮ ಮಗಳ ಊರಿಗೆ ಹೋದರಂತೆ. ಬಸ್ಸಿನ ಕಿಟಕಿಗಳ ಜಾಗದಲ್ಲಿ ಅಲ್ಯೂಮಿನಿಯಂ ಬಂದಿದೆ. ನಾಲ್ಕನೆಯ ಮನೆ ಮಾತ್ರ ಹಾಗೇ ಇತ್ತು. ಮುಂದಿನ ಕೋಣೆಯಲ್ಲಿ ಮೇಸ್ತ್ರಿಯ ಮಗಳು ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ನಾನು ಊರು ಬಿಟ್ಟಾಗ ಹೈಸ್ಕೂಲಿನಲ್ಲಿದ್ದ ಹುಡುಗಿ. ಕೊರಳಿನಲ್ಲಿದ್ದ ಟೇಪು ತೆಗೆದಿಟ್ಟು, ಬೋರ್ಡ್ ಮಾಮ ಅಲ್ವಾ ಎಂದಳು. ಯಾಕೆ ಇಷ್ಟು ದಿನ ಬರಲಿಲ್ಲ ಎಂದು ಕೇಳಲಿಲ್ಲ. ಟೀ ಕೊಟ್ಟು, ಹಿತ್ತಲಿಗೆ ಕರೆದುಕೊಂಡು ಹೋದಳು.

ಐದನೆಯ ಮನೆಯ ಕಡೆಯ ಕಾಂಪೌಂಡು ನನ್ನ ಗೋಡೆಯಾಗಿತ್ತು. ಅಂಕಿಯ ಪ್ರಕಾರ ಒಂದೊಂದೇ ಇಟ್ಟಿಗೆ ಇಟ್ಟು ಮೇಸ್ತ್ರಿ ಅದನ್ನು ಕಟ್ಟಿದ್ದರು, ಚಿತ್ರ ಮನೆಯ ಕಡೆಗೆ ಬರುವ ಹಾಗೆ. ಕಾಂಪೌಂಡ್ ಐದಡಿ ಎತ್ತರ ಮಾತ್ರ. ಹಾಗಾಗಿ ಚಕ್ರಗಳು, ಪೆಡಲ್ ಮೇಲಿನ ಕಾಲುಗಳು, ಬುತ್ತಿಗಳು ಬಂದಿದ್ದವು. ತಲೆಗಳೆಲ್ಲ ಶೆಡ್ಡಿನಲ್ಲಿ ಶೀಟಿನ ಕೆಳಗೆ ಜೋಡಿಸಿಟ್ಟಿದ್ದವು. ಅಪ್ಪ ಅವನ್ನು ಮುಟ್ಟೋಕೆ ಬಿಡ್ತಿರಲಿಲ್ಲ ಎಂದಳು. ಕೆಳಗಿನ ಸಾಲುಗಳ ಬಣ್ಣ ತೇವಕ್ಕೆ ಎದ್ದುಹೋಗಿತ್ತು. ನಾನು ಬರೆದದ್ದು ಇಷ್ಟು ಚೆನ್ನಾಗಿತ್ತೇ ಎನ್ನಿಸಿ, ಪರರ ಕೆಲಸ ನೋಡುವವನ ಹಾಗೆ ನೋಡುತ್ತ ನಿಂತೆ.

ಆಮೇಲೆ ಅವಳು ಗೋಡೆಯ ಆಚೆ ಬಗ್ಗಿ ನೋಡಲು ಹೇಳಿದಳು. ಆ ಗೋಡೆಗೂ ಐದನೆಯ ಮನೆಯ ಗೋಡೆಗೂ ನಡುವೆ ಒಂದು ಸಂದಿ ಇತ್ತು. ಕೈ ಇಳಿಯುತ್ತದೆ, ಆಳು ಇಳಿಯುವುದಿಲ್ಲ. ಒಂದು ಬೆಕ್ಕು ಮಲಗಿತ್ತು. ಮೊದಲಿದ್ದ ಕಾಂಪೌಂಡನ್ನು ಮೇಸ್ತ್ರಿ ತಾವೇ ಕೆಡವಿ, ಅಷ್ಟು ಒಳಕ್ಕೆ ಸರಿದು ಹೊಸದು ಕಟ್ಟಿದ್ದರು. ಉದ್ದಕ್ಕೂ, ಹಿಂದಿನಿಂದ ಮುಂದಿನವರೆಗೆ. ಹನ್ನೊಂದು ಮನೆಯಲ್ಲಿ ತಮ್ಮ ಪಾಲು ಬಿಟ್ಟುಕೊಟ್ಟವರು ಅವರೊಬ್ಬರೇ.

"ಈ ಏಳೂವರೆ ಇಂಚು ಬೋರ್ಡ್ ಮಾಮಂದು, ಯಾರಿಗೂ ಬಿಡ್ಬೇಡ ಅಂತ ಹೇಳಿ ಹೋಗಿದಾರೆ ಅಪ್ಪ," ಎಂದಳು. "ಪಕ್ಕದವ್ರು ಮೇಲೆ ಕಟ್ತಿದಾರಂತೆ. ಕೊಡು, ಹೆಗ್ಗಣದ ಸಂದಿ ಇಟ್ಕೊಂಡು ಏನ್ ಮಾಡ್ತೀಯ ಅಂತ ದಿನಾ ಕೇಳ್ತಾರೆ. ಈಗ ನೀವೇ ಹೇಳಿ ಮಾಮ."

ಯಾವ ಕಾಗದದಲ್ಲೂ ಅದು ನನ್ನದಲ್ಲ. ಅದರಲ್ಲಿ ನಿಲ್ಲಲಾಗದು, ಕೂರಲಾಗದು, ಒಂದು ಗಿಡ ನೆಟ್ಟರೂ ಬಿಸಿಲು ಬೀಳದು. ಕೊಟ್ಟುಬಿಡಮ್ಮ ಎನ್ನುವುದೇ ನ್ಯಾಯ ಎಂದು ನನಗೂ ಗೊತ್ತಿತ್ತು. ಚೀಲದಿಂದ ಸ್ಕೇಲು ತೆಗೆದು ಸಂದಿಗೆ ಅಡ್ಡ ಹಿಡಿದೆ. ಉದ್ದ ಇಂಚಿನ ಆ ಸ್ಕೇಲು ಏಳೂವರೆಗೆ ಸ್ವಲ್ಪ ಕಡಿಮೆ ತೋರಿಸಿತು. ಅಂದರೆ ಮೇಸ್ತ್ರಿ ಈ ಸಲ ಸರಿಯಾದ ಟೇಪಿನಲ್ಲಿ ಅಳೆದಿದ್ದರು. ಗೋಡೆ ಹಿಡಿದುಕೊಂಡು ಅತ್ತೆ. ಆ ಹುಡುಗಿ ನೋಡುತ್ತಿದ್ದಾಳೆ ಎನ್ನುವ ಸಂಕೋಚವೂ ಆಗಲಿಲ್ಲ.

"ಬಿಡ್ಬೇಡಮ್ಮ," ಎಂದೆ. "ಅದು ನಂಗೆ ಬೇಕು."

ಸಂಜೆ ಬಸ್ಸಿನಲ್ಲಿ ವಾಪಸು ಬಂದೆ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಮುಕ್ಕಾಲು ಗಂಟೆ, ಅಷ್ಟೇ. ಅಷ್ಟು ದಾರಿ ಸವೆಸಲು ಇಷ್ಟು ವರ್ಷ ಬೇಕಾಯಿತು, ಹೋಗಿ ನೋಡಿದರೆ ಕ್ಷಮಿಸಿ ಎಂದು ಹೇಳಬೇಕಾದವರು ಇಲ್ಲ. ಇವತ್ತು ಬಡಗಿ ಫೋನ್ ಮಾಡಿದ್ದ, ಬಂದು ಆ ಮುಕ್ಕಾಲು ಇಂಚು ತೆಗೆದುಕೊಡಲಾ ಎಂದು ಕೇಳಿದ. ಸದ್ಯಕ್ಕೆ ಬೇಡ ಎಂದೆ. ಹಲಗೆ ಗೋಡೆಗೆ ಒರಗಿಕೊಂಡಿದೆ, ಬ್ರಷ್ಷುಗಳು ನೆಲದ ಮೇಲಿವೆ. ಹೆಂಡತಿ ಅದನ್ನು ದಾಟಿಕೊಂಡೇ ಅಡುಗೆಕೋಣೆಗೆ ಓಡಾಡುತ್ತಿದ್ದಾಳೆ.